ಚಪ್ಪರ ಇಳಿದ ಮೇಲೆ ಉಳಿಯುವ ಸಾಲ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಡು, ಹೊಳೆ, ಬೆಟ್ಟಗಳ ಉಳಿವನ್ನು ಕುರಿತು ಚಿಂತಿಸುವ ಸಭೆಯಲ್ಲಿ ಮದುವೆಯ ಸಾಲಕ್ಕೆ ಏನು ಕೆಲಸ ಎಂಬ ಪ್ರಶ್ನೆ ಏಳುವುದು ಸಹಜ. ಆದರೆ ಮಲೆನಾಡಿನಲ್ಲಿ ಒಂದು ಮನೆಯ ಸಾಲ ಆ ಮನೆಯ ಹೊಸಿಲಿನೊಳಗೆ ನಿಲ್ಲುವುದಿಲ್ಲ. ಕಂತು ಕಟ್ಟುವ ದಿನ ಹತ್ತಿರ ಬಂದಾಗ ಮೊದಲು ಕಣ್ಣು ಬೀಳುವುದು ಕಾಫಿ ತೋಟದ ಸಿಲ್ವರ್ ಓಕ್ ಮರಗಳ ಮೇಲೆ, ಹಿತ್ತಿಲಿನ ಹಲಸಿನ ಮರದ ಮೇಲೆ. ಅದೂ ಸಾಲದಾದಾಗ ಅಡಿಕೆಯ ಫಸಲು ಕೊಯ್ಲಿಗೆ ಮೊದಲೇ ಚೇಣಿಗೆ ಹೋಗುತ್ತದೆ. ಕಡೆಗೆ ಜಮೀನಿನ ಒಂದು ಭಾಗವೇ ಹೊರಗಿನವರ ಕೈಸೇರುತ್ತದೆ. ಗರಗಸ ಹಿಡಿದವನ ವಿರುದ್ಧ ಘೋಷಣೆ ಕೂಗುವುದು ಸುಲಭ; ಮರವನ್ನು ಮಾರಲೇಬೇಕಾದ ಸ್ಥಿತಿಗೆ ಮನೆಯೊಂದು ಹೇಗೆ ಬಂದಿತು ಎಂದು ಕೇಳುವುದು ಕಷ್ಟ. ಆ ಪ್ರಶ್ನೆಗೆ ದೊರೆಯುವ ಉತ್ತರಗಳಲ್ಲಿ ಮದುವೆಯ ಸಾಲವೂ ಒಂದು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಎರಡನ್ನೂ ಒಟ್ಟಿಗೆ ಹೇಳುತ್ತದೆ. ಎರಡರ ನಡುವೆ ಒಂದು ವ್ಯತ್ಯಾಸವಿದೆ. ಮನೆಗೆ ಸಾಲ ಮಾಡಿದವನಿಗೆ ಸಾಲ ತೀರಿದ ಮೇಲೆ ಮನೆಯಾದರೂ ಉಳಿಯುತ್ತದೆ. ತೋಟದ ನೀರಾವರಿಗೋ ಮಕ್ಕಳ ಓದಿಗೋ ಮಾಡಿದ ಸಾಲ ಮುಂದೊಂದು ದಿನ ತನ್ನನ್ನು ತಾನೇ ತೀರಿಸಿಕೊಳ್ಳುವ ಆಸೆಯನ್ನಾದರೂ ಇಟ್ಟುಕೊಂಡಿರುತ್ತದೆ. ಮದುವೆಯ ಊಟಕ್ಕೆ, ದೀಪಾಲಂಕಾರಕ್ಕೆ, ಕಲ್ಯಾಣ ಮಂಟಪದ ಬಾಡಿಗೆಗೆ ಮಾಡಿದ ಸಾಲಕ್ಕೆ ಆ ಆಸೆಯಿಲ್ಲ. ಮಾರನೆಯ ಬೆಳಿಗ್ಗೆ ಉಳಿಯುವುದು ಎಂಜಲೆಲೆಯ ರಾಶಿ, ಫೋಟೋ ಆಲ್ಬಂ ಮತ್ತು ಬಡ್ಡಿ.

ಹಿಂದಿನ ಕಾಲದ ಮದುವೆಗಳಲ್ಲಿ ಋಣವೇ ಇರಲಿಲ್ಲವೆಂದು ಹೇಳುವುದು ತಪ್ಪಾದೀತು. ಮದುವೆ ಎಂದರೆ ಆಗಲೂ ಋಣವೇ. ಆದರೆ ಅದು ಬಹುಮಟ್ಟಿಗೆ ಮುಯ್ಯಿಯ ಋಣ. ಅಂಗಳದ ಚಪ್ಪರಕ್ಕೆ ಅಡಿಕೆ ಕಂಬ ಒಂದು ಮನೆಯಿಂದ, ಸೋಗೆ ಇನ್ನೊಂದು ಮನೆಯಿಂದ, ಬಾಳೆಲೆ ಮತ್ತೊಂದು ತೋಟದಿಂದ ಬರುತ್ತಿತ್ತು. ತರಕಾರಿ ಹೆಚ್ಚಲು, ಕಾಯಿ ತುರಿಯಲು, ಬಡಿಸಲು ಕೇರಿಯವರೇ ನಿಲ್ಲುತ್ತಿದ್ದರು. ಸಾಗರ ಸೀಮೆಯ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಹಸೆ ಚಿತ್ತಾರ ಬರೆಯುತ್ತಿದ್ದುದು ಮದುವೆಯ ಅಲಂಕಾರವಾಗಿಯೇ. ಅದಕ್ಕೆ ಬೇಕಾದ ಬಣ್ಣವೂ ಪುಂಡಿನಾರಿನ ಕುಂಚವೂ ಸುತ್ತಲ ನೆಲದಿಂದಲೇ ಬರುತ್ತಿದ್ದವು. ಇವೆಲ್ಲಕ್ಕೂ ಪ್ರತಿಯಾಗಿ ಮತ್ತೊಬ್ಬರ ಮದುವೆಗೆ ದುಡಿಮೆ ಕೊಡಬೇಕಿತ್ತು, ಬಡ್ಡಿ ಕೊಡಬೇಕಿರಲಿಲ್ಲ. ಮುಯ್ಯಿ ಕೊಟ್ಟವರು ಮನೆಬಾಗಿಲಿಗೆ ಬಂದು ಕಂತು ಕೇಳುವುದಿಲ್ಲ. ತಮ್ಮ ಮನೆಯ ಕೆಲಸಕ್ಕೆ ಕರೆಯುತ್ತಾರೆ. ಮುಯ್ಯಿಯ ಋಣ ಊರನ್ನು ಕಟ್ಟುತ್ತದೆ. ಬಡ್ಡಿಯ ಋಣ ಮನೆಯನ್ನು ಒಂಟಿಯಾಗಿಸುತ್ತದೆ.

ಆದರೆ ಹಳೆಯದೆಲ್ಲ ಒಳ್ಳೆಯದೆಂದು ಬಗೆಯುವಂತೆಯೂ ಇಲ್ಲ. ಜಮೀನಿಲ್ಲದ ಕೂಲಿಯವನಿಗೆ ಮುಯ್ಯಿ ಸಾಕಾಗುತ್ತಿರಲಿಲ್ಲ. ಮದುವೆಯ ಖರ್ಚಿಗೆ ಒಡೆಯನಿಂದ ಮುಂಗಡ ಪಡೆದು, ಅದು ತೀರುವವರೆಗೆ ಗಂಡಹೆಂಡಿರಿಬ್ಬರೂ ಒಡೆಯನ ಮನೆಯಲ್ಲಿ ದುಡಿಯುವುದು ಜೀತಕ್ಕೆ ಬೀಳುವ ಹಾದಿಗಳಲ್ಲಿ ಒಂದಾಗಿತ್ತು. 1976ರ ಜೀತಪದ್ಧತಿ ರದ್ದತಿ ಕಾಯ್ದೆ ಜೀತವನ್ನು ವಿವರಿಸುವಾಗ ಮುಂಗಡದ ಜೊತೆಗೆ ರೂಢಿಗತ ಅಥವಾ ಸಾಮಾಜಿಕ ಕಟ್ಟುಪಾಡಿನಿಂದ ಹುಟ್ಟಿದ ಬಂಧನವನ್ನೂ ಸೇರಿಸಿದೆ. ಆ ಸಾಲಗಳನ್ನು ತೀರಿಸಬೇಕಾದ ಹೊಣೆಯನ್ನೇ ಕಾನೂನು ಅಳಿಸಿಹಾಕಿತು. ಇಂದು ಒಡೆಯನ ಚಾವಡಿಯ ಜಾಗದಲ್ಲಿ ಸಾಲ ಕೊಡುವ ಕಚೇರಿಗಳಿವೆ. ಕಾನೂನಿನ ದೃಷ್ಟಿಯಲ್ಲಿ ಇದು ಜೀತವಲ್ಲ. ಆದರೂ ಮದುವೆಯಾದ ಹೊಸತರಲ್ಲೇ ಗಂಡ ಬೆಂಗಳೂರಿನ ಕೆಲಸಕ್ಕೂ ಹೆಂಡತಿ ಇನ್ನೊಬ್ಬರ ತೋಟದ ಕೂಲಿಗೂ ಹೋಗಿ, ಇಬ್ಬರ ದುಡಿಮೆಯೂ ತಮ್ಮ ಮದುವೆಯ ಊಟಕ್ಕೇ ಸಲ್ಲುವಂತಾದರೆ ಆ ದಾಂಪತ್ಯಕ್ಕೆ ಸ್ವಾತಂತ್ರ್ಯ ಎಷ್ಟು ಉಳಿಯಿತು?

ಲೆಕ್ಕವನ್ನು ಬಿಡಿಸಿ ನೋಡುವುದು ಒಳ್ಳೆಯದು. ಮೂರು ಲಕ್ಷ ರೂಪಾಯಿಯನ್ನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯ ಕೈಸಾಲವಾಗಿ ತಂದರೆ ತಿಂಗಳ ಬಡ್ಡಿಯೇ 9,000 ರೂಪಾಯಿ. ದಿನಗೂಲಿ 500 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳಲ್ಲಿ ಹದಿನೆಂಟು ದಿನದ ದುಡಿಮೆ ಬಡ್ಡಿಗೇ ಹೋಯಿತು. ಮೂರು ವರ್ಷಕ್ಕೆ ಕಟ್ಟಿದ ಬಡ್ಡಿ 3,24,000 ರೂಪಾಯಿ. ಅಸಲಿನಲ್ಲಿ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ಅದೇ ಹಣವನ್ನು ವರ್ಷಕ್ಕೆ ಶೇಕಡಾ 14ರ ದರದಲ್ಲಿ ಐದು ವರ್ಷದ ಬ್ಯಾಂಕ್ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 6,980 ರೂಪಾಯಿ; ಒಟ್ಟು ಕಟ್ಟುವುದು ಸುಮಾರು 4,19,000 ರೂಪಾಯಿ. ಬ್ಯಾಂಕಿನ ಸಾಲ ಕೈಸಾಲಕ್ಕಿಂತ ಮೇಲು ಎಂಬುದು ನಿಜ. ಆದರೆ ಐದು ವರ್ಷವೆಂದರೆ ಮೊದಲ ಮಗು ಶಾಲೆಯ ಬಾಗಿಲಿಗೆ ಬರುವಷ್ಟು ಕಾಲ. ಆ ನಡುವೆ ಅಡಿಕೆಗೆ ಕೊಳೆ ಬರಬಹುದು, ಎಲೆಚುಕ್ಕಿ ರೋಗ ಬರಬಹುದು, ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಬಹುದು. ಕಂತಿಗೆ ಇದಾವುದೂ ತಿಳಿಯದು.

ಇನ್ನೊಂದು ದಾರಿ ಮತ್ತೂ ಅಪಾಯದ್ದು. ಸಹಕಾರ ಸಂಘದ ಬೆಳೆಸಾಲ ಗಡುವಿನೊಳಗೆ ತೀರಿಸುವ ರೈತನಿಗೆ ಮಾತ್ರ ಬಡ್ಡಿಯಿಲ್ಲದ ಸಾಲ. ಗೊಬ್ಬರಕ್ಕೆಂದು ತಂದ ಆ ಹಣ ಚಪ್ಪರಕ್ಕೆ ಖರ್ಚಾದರೆ ತೋಟವೂ ಸೊರಗುತ್ತದೆ, ಗಡುವೂ ಮೀರುತ್ತದೆ. ಮಹಿಳಾ ಸಂಘದಿಂದ ಹಸು ಕೊಳ್ಳಲೆಂದು ಪಡೆದ ಹಣ ಮದುವೆಗೆ ಹೋದಾಗ ಕಂತಿನ ಭಾರ ಸಂಘದ ಉಳಿದ ಸದಸ್ಯೆಯರ ತಲೆಯ ಮೇಲೂ ಬೀಳುತ್ತದೆ. ಕಿರುಸಾಲದ ವಸೂಲಿಯಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತಂದಿತು. ಬಳಿಕ ಅದು ಕಾಯ್ದೆಯಾಯಿತು. ಬಾಗಿಲಲ್ಲಿ ನಿಂತು ಬೆದರಿಸುವವರಿಗೆ ಅದು ಕಡಿವಾಣ. ಆದರೆ ನೋಂದಾಯಿತ ಸಂಸ್ಥೆಯಿಂದ ಪಡೆದ ಸಾಲವನ್ನು ಅದು ಇಲ್ಲವಾಗಿಸುವುದಿಲ್ಲ.

ಹಾಗಾದರೆ ಇಷ್ಟು ತಿಳಿದೂ ಜನ ಸಾಲವೇಕೆ ಮಾಡುತ್ತಾರೆ? ಬಡವರಿಗೆ ಬುದ್ಧಿಯಿಲ್ಲ ಎಂಬ ಉತ್ತರ ಉಳ್ಳವರಿಗೆ ಬಹಳ ಇಷ್ಟ, ಅದು ನಿಜವಲ್ಲ. ಹತ್ತು ಮನೆಯಲ್ಲಿ ಉಂಡು ಬಂದವನಿಗೆ ಹತ್ತು ಮನೆಯವರನ್ನು ಕರೆಯದಿದ್ದರೆ ಮುಖವೆತ್ತಿ ನಡೆಯಲಾಗದು. ಪಕ್ಕದ ಮನೆಯಲ್ಲಿ ಎರಡು ಸಿಹಿ ಬಡಿಸಿದ್ದರೆ ತನ್ನ ಮಗಳ ಮದುವೆಯಲ್ಲಿ ಒಂದೇ ಸಿಹಿ ಬಡಿಸುವ ತಂದೆಗೆ ಮಾತು ಕೇಳಬೇಕಾದ ಭಯ. ಗಂಡಿನ ಕಡೆಯವರು ಬಾಯಿಬಿಟ್ಟು ವರದಕ್ಷಿಣೆ ಕೇಳದೆ, ಮದುವೆ ಚೆನ್ನಾಗಿ ಮಾಡಿಕೊಡಿ ಎಂದಷ್ಟೇ ಹೇಳಿದರೂ ಆ ಮಾತಿನ ತೂಕ ಹೆಣ್ಣು ಹೆತ್ತವರಿಗೆ ತಿಳಿಯುತ್ತದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೆ ಆಡಂಬರದ ಊಟದ ರೂಪದಲ್ಲಿ ಬರುವ ಒತ್ತಾಯ ಕಾನೂನಿನ ಕೈಗೆ ಸುಲಭವಾಗಿ ಸಿಗುವುದಿಲ್ಲ. ಒಂಟಿಯಾಗಿ ಖರ್ಚು ತಗ್ಗಿಸಿದ ಮನೆ ಜಿಪುಣರ ಮನೆ ಎನಿಸಿಕೊಳ್ಳುತ್ತದೆ. ಎಲ್ಲರೂ ಒಟ್ಟಿಗೆ ತಗ್ಗಿಸಿದರೆ ಯಾರಿಗೂ ಆ ಹೆಸರು ಬಾರದು.

ಇದು ಬರೀ ಊಹೆಯಲ್ಲ. 2020ರಲ್ಲಿ ಕೊರೊನಾ ಕಾಲದ ನಿಯಮದಂತೆ ಮದುವೆಗೆ ಐವತ್ತು ಮಂದಿಗಿಂತ ಹೆಚ್ಚು ಸೇರುವಂತಿರಲಿಲ್ಲ. ಮನೆಯಂಗಳದಲ್ಲಿ, ಹತ್ತಿರದವರ ನಡುವೆ ಮದುವೆಗಳು ನಡೆದವು. ಆ ದಂಪತಿಗಳ ಮದುವೆ ಯಾವ ರೀತಿಯಲ್ಲಿಯೂ ಕಡಿಮೆಯ ಮದುವೆಯಾಗಲಿಲ್ಲ; ಆ ಮನೆಗಳ ಮರ್ಯಾದೆಯೂ ಹೋಗಲಿಲ್ಲ. ಮಿತಿ ಎಲ್ಲರಿಗೂ ಒಂದೇ ಆಗಿದ್ದುದೇ ಇದಕ್ಕೆ ಕಾರಣ. ರೋಗದ ಭಯ ಹೇರಿದ ಮಿತಿಯನ್ನು ಊರು ತಾನೇ ಕೂಡಿ ಒಪ್ಪಿಕೊಳ್ಳಲು ಏನಡ್ಡಿ?

ಸರಳ ಮದುವೆಯ ಹಾದಿಗಳು ಮಲೆನಾಡಿಗೆ ಹೊಸವೂ ಅಲ್ಲ. ಈ ನೆಲದ ಕವಿ ಕುವೆಂಪು ಮಂತ್ರಮಾಂಗಲ್ಯವನ್ನು ರೂಪಿಸಿ, 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿಯವರ ವಿವಾಹವನ್ನು ಆ ಕ್ರಮದಲ್ಲಿಯೇ ನೆರವೇರಿಸಿದರು. ವರದಕ್ಷಿಣೆಯಿಲ್ಲದೆ, ಆಡಂಬರವಿಲ್ಲದೆ ವಧೂವರರು ಪ್ರತಿಜ್ಞೆಯ ಮೂಲಕ ಒಂದಾಗುವ ಕ್ರಮ ಅದು. ಧರ್ಮಸ್ಥಳದಲ್ಲಿ ಉಚಿತ ಸಾಮೂಹಿಕ ವಿವಾಹ ಆರಂಭವಾದದ್ದು 1972ರಲ್ಲಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಯಾವ ಜಾತಿ ಮತದವರಾದರೂ ವಿವಾಹಾಧಿಕಾರಿಗೆ ಸೂಚನಾಪತ್ರ ಕೊಟ್ಟು, ಮೂವತ್ತು ದಿನದ ಅವಧಿ ಕಳೆದ ಮೇಲೆ ಮೂವರು ಸಾಕ್ಷಿಗಳ ಮುಂದೆ ಮದುವೆಯಾಗಬಹುದು. ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾಗುವವರು ಒಂದು ವಿಷಯವನ್ನು ನೆನಪಿಡಬೇಕು: ಬರೀ ನೋಂದಣಿ ಪತ್ರವಿದ್ದರೆ ಸಾಲದು, ಎರಡರಲ್ಲಿ ಒಂದು ಮನೆತನದ ರೂಢಿಯ ಶಾಸ್ತ್ರ ನಡೆದಿರಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿದೆ. ಮದುವೆಯೆಂಬುದು ಹಾಡು, ಕುಣಿತ, ಔತಣಗಳ ಸಂದರ್ಭವಲ್ಲ ಎಂಬ ಮಾತನ್ನೂ ನ್ಯಾಯಾಲಯ ಆಗಲೇ ಹೇಳಿದೆ. ಕಾನೂನು ಕೇಳುವುದು ಶಾಸ್ತ್ರವನ್ನು; ಸಾವಿರ ಎಲೆಯ ಊಟವನ್ನಲ್ಲ. ಧಾರೆಯೆರೆಯಲು ಬೇಕಾದ ತಂಬಿಗೆ ನೀರಿಗೆ ಯಾರೂ ಸಾಲ ಮಾಡಬೇಕಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನೂ ಎದುರಿಸಬೇಕು. ಬದುಕಿನಲ್ಲಿ ಒಮ್ಮೆ ಬರುವ ಸಂಭ್ರಮಕ್ಕೆ ಲೆಕ್ಕ ಹಾಕಬಾರದು ಎನ್ನುವವರಿದ್ದಾರೆ. ಸಂಭ್ರಮ ಬೇಡವೆಂದು ಯಾರೂ ಹೇಳುತ್ತಿಲ್ಲ. ವಾಲಗದವರು, ಅಡುಗೆಯವರು, ಹೂ ಕಟ್ಟುವವರು, ಹಾಳೆತಟ್ಟೆ ಮಾಡುವವರು ಇವರೆಲ್ಲರ ಅನ್ನ ಮದುವೆಯಲ್ಲಿದೆ. ಕೈಯಲ್ಲಿದ್ದ ಹಣವನ್ನು ಇವರಿಗೆ ಕೊಟ್ಟು ಮಾಡಿದ ಮದುವೆ ಊರಿಗೆ ಒಳ್ಳೆಯದೇ. ಆದರೆ ಊರಿನ ಹಾಳೆತಟ್ಟೆಯನ್ನು ಬಿಟ್ಟು ಪೇಟೆಯಿಂದ ಪ್ಲಾಸ್ಟಿಕ್ ಸಾಮಾನು ತಂದು, ಅದನ್ನು ಹಳ್ಳದ ದಂಡೆಗೆ ಎಸೆದು, ಅದಕ್ಕಾಗಿ ಬಡ್ಡಿ ಕಟ್ಟುವುದರಲ್ಲಿ ಯಾರ ಸಂಭ್ರಮವಿದೆ? ಪ್ಲಾಸ್ಟಿಕ್ ತಟ್ಟೆ ಲೋಟಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿದೆ ಎಂಬುದನ್ನೂ ಮರೆಯಬಾರದು.

ಫಸಲು ಮಾರಿಯಾಗಿದೆ, ಹಣ ಬರುವುದು ಮಾತ್ರ ತಡ, ಅಲ್ಲಿಯವರೆಗೆ ಒಂದಿಷ್ಟು ಕೈಗಡ ತೆಗೆದುಕೊಂಡರೆ ತಪ್ಪೇ ಎಂದು ಕೇಳಬಹುದು. ಬರುವುದು ಖಚಿತವಾಗಿರುವ ಹಣದ ಮೇಲೆ ನಂಟರಿಂದ ಬಡ್ಡಿಯಿಲ್ಲದೆ ಪಡೆದದ್ದು ಬೇರೆ. ಮುಂದಿನ ವರ್ಷಗಳ ಮಳೆಯನ್ನೂ ಧಾರಣೆಯನ್ನೂ ನಂಬಿ ಪಡೆದದ್ದು ಬೇರೆ. ಮೊದಲನೆಯದು ಮುಯ್ಯಿಗೆ ಹತ್ತಿರ. ಎರಡನೆಯದು ಇನ್ನೂ ಹುಟ್ಟದ ಮಕ್ಕಳ ಪಾಲನ್ನು ಅಡವಿಟ್ಟಂತೆ.

ಆದ್ದರಿಂದ ಮೂರು ಕೆಲಸಗಳು ಆಗಬೇಕಾಗಿವೆ. ಮೊದಲನೆಯದು, ಮದುವೆಯ ಖರ್ಚಿನ ಮಾತುಕತೆಗೆ ವಧೂವರರು ಕೂರಬೇಕು. ಸಾಲವನ್ನು ತೀರಿಸುವವರು ಬಹುಪಾಲು ಅವರೇ. ಆದರೆ ನಿರ್ಧಾರವಾಗುವಾಗ, ಅದರಲ್ಲೂ ಹುಡುಗಿಯ ಮಾತನ್ನು, ಯಾರೂ ಕೇಳುವುದಿಲ್ಲ. ತನ್ನ ಮದುವೆಯಿಂದ ತಂಗಿಯ ಓದು ನಿಂತುಹೋಗುವುದಾದರೆ ಅಂಥ ಮದುವೆ ಬೇಡವೆನ್ನುವ ಹಕ್ಕು ಅಕ್ಕನಿಗಿದೆ. ಎರಡನೆಯದು, ಊರು ಕೂಡಿ ಒಂದು ಮಿತಿಯನ್ನು ಒಪ್ಪಬೇಕು: ಇಷ್ಟು ಎಲೆ, ಒಂದು ಸಿಹಿ, ಊರಿನ ಚಪ್ಪರ, ಊರಿನ ಪಾತ್ರೆ. ಈ ಮಿತಿ ಮೊದಲು ಅನ್ವಯಿಸಬೇಕಾದದ್ದು ಉಳ್ಳವರ ಮನೆಗೆ. ಮೇಲಿನ ಮನೆಯ ಚಪ್ಪರ ಚಿಕ್ಕದಾದರೆ ಕೆಳಗಿನ ಮನೆಯ ಸಾಲ ತಾನಾಗಿ ಚಿಕ್ಕದಾಗುತ್ತದೆ. ಮೂರನೆಯದು, ಕರೆಯ ಬಂದ ಮನೆಗೆ ಜನ ಮತ್ತೆ ಕೈಕೆಲಸಕ್ಕೆ ಹೋಗಬೇಕು. ಊಟದ ಹೊತ್ತಿಗೆ ಹೋಗಿ ಲಕೋಟೆ ಕೊಟ್ಟು ಬರುವುದು ಮುಯ್ಯಿಯಲ್ಲ. ಹಿಂದಿನ ದಿನ ಹೋಗಿ ಸೋಗೆ ಹೊದಿಸುವುದು ಮುಯ್ಯಿ.

ವಿದ್ಯಾರ್ಥಿ ಮಿತ್ರರೇ, ಕೆಲವು ವರ್ಷಗಳಲ್ಲಿ ನಿಮ್ಮ ಮನೆಗಳಲ್ಲಿಯೂ ಲಗ್ನಪತ್ರಿಕೆ ಬರೆಯುವ ದಿನ ಬರುತ್ತದೆ. ಅಂದು ಪುರೋಹಿತರೋ ಹಿರಿಯರೋ ಮುಹೂರ್ತದ ಲೆಕ್ಕ ಹಾಕುತ್ತಿರುವಾಗ, ಪಕ್ಕದಲ್ಲಿ ಕುಳಿತು ಕಂತಿನ ಲೆಕ್ಕವನ್ನು ಹಾಕಿ ತೋರಿಸುವ ಧೈರ್ಯ ನಿಮಗಿರಲಿ. ಸಾಲವಿಲ್ಲದೆ ಆರಂಭವಾದ ಸಂಸಾರಕ್ಕೆ ತೋಟವನ್ನು ಉಳಿಸಿಕೊಳ್ಳುವ ಶಕ್ತಿಯಿರುತ್ತದೆ. ತೋಟ ಉಳಿದ ಊರಿಗೆ ಬೆಟ್ಟವನ್ನು ಕಾಯುವ ಶಕ್ತಿಯಿರುತ್ತದೆ.