ಜೀರ್ಣೋದ್ಧಾರ



ಜೀರ್ಣೋದ್ಧಾರ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಗುಡಿಯ ಗೋಡೆ ಬಿರಿದರೆ, ಮಾಡು ಸೋರಿದರೆ ಒಂದು ಸಮಿತಿ ಹುಟ್ಟಿಕೊಳ್ಳುತ್ತದೆ, ರಸೀದಿ ಪುಸ್ತಕ ಅಚ್ಚಾಗುತ್ತದೆ. ಆದರೆ ಶಬ್ದದ ಅರ್ಥವೇನು? ಜೀರ್ಣವಾದುದನ್ನೇ ಮೇಲಕ್ಕೆತ್ತುವುದು. ಕೆಡವಿ ಹೊಸದನ್ನು ಕಟ್ಟುವುದಕ್ಕೆ ನವನಿರ್ಮಾಣವೆಂಬ ಬೇರೆ ಹೆಸರುಂಟು. ಈ ಎರಡರ ಅಂತರವನ್ನು ಇಂದು ಒಂದು ಮೋಟಾರ್ ಸೈಕಲ್ಲನ್ನು ಮುಂದಿಟ್ಟುಕೊಂಡು ಹೇಳುತ್ತೇವೆ. ನಗಬೇಡಿ. ತರ್ಕಶಾಸ್ತ್ರದವರು ಗಡಿಗೆಯನ್ನೂ ಬಟ್ಟೆಯನ್ನೂ ಮುಂದಿಟ್ಟುಕೊಂಡು ಸಾವಿರ ವರ್ಷ ವಾದ ಮಾಡಿದ್ದಾರೆ. ಮೋಟಾರ್ ಸೈಕಲ್ಲು ಏನು ಪಾಪ ಮಾಡಿದೆ?

ಕಾಪುವಿನ ಕಡೆಯ ಭಕ್ತರೊಬ್ಬರ ಕೊಟ್ಟಿಗೆಯಲ್ಲಿ 1968ರ ಒಂದು ಜಾವಾ ಬಿದ್ದಿತ್ತು. ಅವರ ತಂದೆ ಶಂಕರಪುರದ ಮಲ್ಲಿಗೆಯ ಅಟ್ಟೆಗಳನ್ನು ಕಾರ್ಕಳದ ಪೇಟೆಗೆ ಒಯ್ಯುತ್ತಿದ್ದ ಗಾಡಿ. ಬುಟ್ಟಿಯ ಹಗ್ಗ ಉಜ್ಜಿ ಉಜ್ಜಿ ಹಿಂದಿನ ಕ್ಯಾರಿಯರಿನ ಕಂಬಿಯಲ್ಲಿ ಗೀರು ಬಿದ್ದಿದೆ. ಮಗ ಗುಜರಿಗೆ ಕೊಡೋಣ ಎಂದರು. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗ, ಅಜ್ಜನ ಗಾಡಿಯನ್ನು ನಾನೇ ಎಬ್ಬಿಸುತ್ತೇನೆ ಎಂದ.

ಈ ಜಾವಾ ದ್ವೀಪದ ಹೆಸರಲ್ಲ. ಚೆಕ್ ದೇಶದ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಗಾಡಿಯ ಮಾದರಿಯನ್ನು ಪಡೆದು, ತನ್ನ ಹೆಸರಿನ ಮೊದಲಕ್ಕೆ ಅದರ ಮೊದಲನ್ನು ಸೇರಿಸಿ ಇಟ್ಟ ಹೆಸರು. ನಮ್ಮಲ್ಲಿ ಅದು ಮೈಸೂರಿನ ಮಗು. ಇರಾನಿ ಮನೆತನದವರು ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆಯನ್ನು 1961ರಲ್ಲಿ ಜಯಚಾಮರಾಜ ಒಡೆಯರು ಉದ್ಘಾಟಿಸಿದರು. 1973ರಿಂದ ಗಾಡಿಗೆ ಯೆಜ್ಡಿ ಎಂದು ಹೆಸರಾಯಿತು. 1996ರಲ್ಲಿ ಕಾರ್ಖಾನೆಯೇ ಬಾಗಿಲು ಹಾಕಿತು. ಒಂದೇ ಸಿಲಿಂಡರಿಗೆ ಎರಡು ಹೊಗೆಕೊಳವೆ, ಒದ್ದು ಎಬ್ಬಿಸುವ ಸನ್ನೆಯೇ ತಿರುಗಿಸಿದರೆ ಗೇರು ಹಾಕುವ ಸನ್ನೆ. ಇದರ ವೈಖರಿ ಬೇರೆಯೇ.

ಕಾರ್ಕಳದ ಕಲ್ಲಿನ ಗೊಮ್ಮಟ 1432ರಿಂದ ಮಳೆಗೆ ಮೈಯೊಡ್ಡಿ ನಿಂತಿದ್ದಾನೆ. ಕಬ್ಬಿಣಕ್ಕೆ ಆ ಭಾಗ್ಯವಿಲ್ಲ. ಕಡಲ ಗಾಳಿಯ ಉಪ್ಪು, ನಾಲ್ಕು ತಿಂಗಳ ಮಳೆಯ ತೇವ, ಇವೆರಡೂ ಸೇರಿದರೆ ಕಬ್ಬಿಣ ಹಪ್ಪಳ. ಅದರಲ್ಲಿಯೂ ಇದು ಟೂ ಸ್ಟ್ರೋಕ್ ಯಂತ್ರ. ಪೆಟ್ರೋಲಿನಲ್ಲಿ ಬೆರೆಸಿದ ಎಣ್ಣೆಯೇ ಒಳಗಿನ ಬೇರಿಂಗುಗಳಿಗೆ ಆಹಾರ. ಓಡುವಷ್ಟು ಕಾಲ ಎಣ್ಣೆ ಸಿಗುತ್ತದೆ, ನಿಂತರೆ ಉಪವಾಸ. ಓಡಿ ಸವೆದ ಗಾಡಿಗಿಂತ ನಿಂತು ಕೆಟ್ಟ ಗಾಡಿಯ ರಿಪೇರಿ ಕಷ್ಟವೆಂದು ಉಡುಪಿಯ ಮುದಿ ಮೆಕ್ಯಾನಿಕ್ ಒಬ್ಬರು ಹುಡುಗನಿಗೆ ಹೇಳಿದರಂತೆ.

ಪಿಸ್ಟನ್ ಕಚ್ಚಿಕೊಂಡಿತ್ತು. ಸುತ್ತಿಗೆ ಎತ್ತಲಿಲ್ಲ. ಪ್ಲಗ್ಗಿನ ತೂತಿನಿಂದ ಡೀಸೆಲ್ ಹೊಯ್ದು ಹನ್ನೊಂದು ದಿನ ಕಾದ. ಹನ್ನೆರಡನೆಯ ದಿನ ಕೈಯಿಂದ ಒತ್ತಿದರೆ ಕೂದಲೆಳೆಯಷ್ಟು ಸರಿಯಿತು. ಪೆಟ್ರೋಲ್ ಟ್ಯಾಂಕಿನೊಳಗೆ ಸಣ್ಣ ಜಲ್ಲಿ, ಹುಣಸೆಹುಳಿ ನೀರು ಹಾಕಿ ಕುಲುಕಿ ಕುಲುಕಿ ತುಕ್ಕು ತೆಗೆದ. ಕಳಚಿದ ಪ್ರತಿ ನಟ್ಟನ್ನೂ ಬೋಲ್ಟನ್ನೂ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದ. ಕೊಟ್ಟಿಗೆಯಲ್ಲಿ ಆ ಡಬ್ಬಿಗಳ ಸಾಲನ್ನು ಕಂಡಾಗ ನಮಗೆ ಪಾಠಶಾಲೆಯ ತಾಳೆಗರಿ ಕಟ್ಟುಗಳ ನೆನಪಾಯಿತು. ಕಿತ್ತುಹಾಕುವುದು ಯಾರಿಗೂ ಬರುತ್ತದೆ. ಯಾವುದು ಎಲ್ಲಿಯದು ಎಂದು ಗುರುತಿಟ್ಟು ಬಿಚ್ಚುವುದೇ ವಿದ್ಯೆ.

ಕಷ್ಟ ಬಂದದ್ದು ಇಲ್ಲಿಯೇ. ಇಂಜಿನ್ನಿನ ಹೊರಗವಚ, ಕ್ರ್ಯಾಂಕ್ ಕೇಸ್ ಎನ್ನುತ್ತಾರೆ, ಅದು ಸೀಳಿತ್ತು. ಇಂಜಿನ್ ನಂಬರು ಇರುವುದೂ ಅದರ ಮೇಲೆಯೇ. ಹಳೆಯ ಬಿಡಿಭಾಗ ಮಾರುವವನೊಬ್ಬ, "ಬೇರೆ ಗಾಡಿಯ ಒಳ್ಳೆಯ ಕೇಸ್ ಉಂಟು. ನಂಬರ್ ಉಜ್ಜಿ ನಿಮ್ಮದನ್ನೇ ಹೊಡೆದು ಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ" ಎಂದನಂತೆ. ಸೀಳನ್ನು ಬೆಸೆಯುವ ಖರ್ಚಿನ ಅರ್ಧಕ್ಕೆ ಕೆಲಸ ಮುಗಿಯುತ್ತಿತ್ತು. ತಂದೆಗೆ ಅದು ಸರಿ ಎನಿಸಿತು. ಹುಡುಗ ಒಪ್ಪಲಿಲ್ಲ. ಮನೆಯಲ್ಲಿ ಮಾತು ನಿಂತಿತು. ಹೀಗೆ ಅದು ನಮ್ಮವರೆಗೆ ಬಂತು. "ಹೇಗೂ ಅರ್ಧ ಗಾಡಿ ಬದಲಾಗಿದೆ ಸ್ವಾಮೀಜಿ, ಇನ್ನು ಒಂದು ಕೇಸ್ ಬದಲಾದರೆ ಏನು?" ಎಂದು ತಂದೆ ಕೇಳಿದರು.

ಪ್ರಶ್ನೆ ಸಣ್ಣದಲ್ಲ. ಒಂದು ಅವಯವ ನಾಶವಾದರೂ ಹಿಂದಿನ ಅವಯವಿ ನಾಶವಾಯಿತು, ಉಳಿದುದರಿಂದ ಬೇರೊಂದು ಹುಟ್ಟಿತು ಎನ್ನುತ್ತಾರೆ ನೈಯಾಯಿಕರು. ಭಾಗಗಳನ್ನು ಬಿಟ್ಟು ಅವಯವಿ ಎಂಬುದೇ ಇಲ್ಲ ಎನ್ನುತ್ತಾರೆ ಬೌದ್ಧರು. ಆ ವಾದ ವಿದ್ವಾಂಸರಿಗಿರಲಿ. ನಾವು ಹೇಳಿದ್ದು ಇಷ್ಟೇ: ಬದಲಾಯಿಸಿದ್ದೇನೆ ಎಂದು ಹೇಳಿ ಬದಲಾಯಿಸಿದರೆ ಅದು ರಿಪೇರಿ. ಬೇರೆ ಟಯರು, ಬೇರೆ ಸೀಟು, ಯಾವ ದೋಷವೂ ಇಲ್ಲ. ಬೇರೆ ಕೇಸ್ ಹಾಕಿ ಅದರ ಸ್ವಂತ ನಂಬರನ್ನೇ ಸಾರಿಗೆ ಕಚೇರಿಯಲ್ಲಿ ಬರೆಸಿದರೂ ದೋಷವಿಲ್ಲ. ಆದರೆ ಒಬ್ಬನ ಗಾಡಿಯ ಹೆಸರನ್ನು ಉಜ್ಜಿ ಇನ್ನೊಬ್ಬನ ಹೆಸರನ್ನು ಕೆತ್ತುವುದು ಲೋಹದ ಮೇಲೆ ಬರೆದ ಸುಳ್ಳು. ಕಾನೂನಿಗೂ ಅದು ಅಪರಾಧ. ಅಜ್ಜನ ನೆನಪಿಗೆಂದು ಎಬ್ಬಿಸುವ ಗಾಡಿಯ ಹೊಟ್ಟೆಯಲ್ಲಿ ಸುಳ್ಳನ್ನಿಟ್ಟು ಯಾರಿಗೆ ತೋರಿಸುತ್ತೀರಿ?

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಆರ್ಗಾನ್ ವೆಲ್ಡಿಂಗಿಗೆ ಎಷ್ಟಾಗುತ್ತದೆ ಎಂದು ಮಗನನ್ನೇ ಕೇಳಿದರು. ಈಗ ಸೀಳು ಬೆಸೆದಿದೆ. ಗಾಯದ ಗುರುತು ಕಾಣುತ್ತದೆ, ಕಾಣಲಿ. ಟ್ಯಾಂಕಿನ ಕೆಂಪುಬಣ್ಣ ಬಿಸಿಲಿಗೆ ಮಾಸಿದ್ದರೂ ಬಂಗಾರದ ಗೆರೆ ಉಳಿದಿದೆ, ಅದಕ್ಕೆ ಹೊಸ ಬಣ್ಣ ಬಳಿಯಲಿಲ್ಲ. ಕ್ಯಾರಿಯರಿನ ಗೀರನ್ನೂ ಮುಟ್ಟಲಿಲ್ಲ.

ಮನೆಯಲ್ಲಿ ಇಂತಹ ಗಾಡಿ ಇರುವವರು ಕೇಳಿ. ಐವತ್ತು ವರ್ಷ ದಾಟಿ, ಮೂಲರೂಪದಲ್ಲಿಯೇ ಇರುವ ವಾಹನಗಳಿಗೆ ವಿಂಟೇಜ್ ನೋಂದಣಿಯ ನಿಯಮವನ್ನು ಕೇಂದ್ರ ಸರ್ಕಾರ 2021ರಲ್ಲಿ ತಂದಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನಕ್ಕೆ, ರ‍್ಯಾಲಿಗೆ ಓಡಿಸಬಹುದು, ದಿನಬಳಕೆಗೆ ಆಗದು. ಚಾಸಿಯನ್ನೂ ಇಂಜಿನ್ನನ್ನೂ ಮನಸ್ಸಿಗೆ ಬಂದಂತೆ ಬದಲಾಯಿಸಿದ ಗಾಡಿಗೆ ಆ ಮಾನ್ಯತೆ ಇಲ್ಲ. ಇನ್ನೊಂದು: ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ, ಅದು ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಗಾಡಿ ನಿಲ್ಲಿಸುವ ಮೊದಲು ಕಾರ್ಬೊರೇಟರಿನಲ್ಲಿ ಉಳಿದುದನ್ನು ಬಸಿದುಬಿಡಿ. ಆ ಹುಡುಗ ಆಟಿ ತಿಂಗಳಲ್ಲಿಯೂ ವಾರಕ್ಕೊಮ್ಮೆ ಕೊಟ್ಟಿಗೆಯ ಬಾಗಿಲು ತೆರೆದಿಟ್ಟು ಅದನ್ನು ಎಬ್ಬಿಸುತ್ತಾನಂತೆ. ಹೊಗೆಗೆ ನೆರೆಮನೆಯವರು ಬೈಯುತ್ತಾರೆ.