ಸಾಕು ಗಿನಿಪಿಗ್‌ಗೆ ಪೆಲೆಟ್ ಬೇಕೇ ಬೇಕೆ?

ಗಿನಿಪಿಗ್ ಹುಲ್ಲು ತಿಂದು ಬದುಕುವ ಪ್ರಾಣಿ. ಹುಲ್ಲು, ಕಾಳು, ಖನಿಜ, ಜೀವಸತ್ವಗಳನ್ನು ಪುಡಿ ಮಾಡಿ ಬೆರೆಸಿ, ಯಂತ್ರದಲ್ಲಿ ಒತ್ತಿ ತೆಗೆದ ಸಣ್ಣ ಗುಳಿಗೆಯಂಥ ಆಹಾರವೇ ಪೆಲೆಟ್. ಗಿನಿಪಿಗ್ ಸಾಕುವ ಮನೆಗಳಲ್ಲಿ ಬಹಳ ಸಲ ಪೆಲೆಟ್ಟೇ ಮುಖ್ಯ ಊಟ, ಹುಲ್ಲು ಮೇಲೋಗರ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದಂಥ ಊರುಗಳಲ್ಲಿ ಪೊಟ್ಟಣ ಮುಗಿದ ದಿನವೇ ಇನ್ನೊಂದು ಸಿಗುತ್ತದೆಂಬ ಖಾತ್ರಿ ಇಲ್ಲ. ಹಾಗಾದರೆ ಪೆಲೆಟ್ ಇಲ್ಲದೆ ಗಿನಿಪಿಗ್ ಆರೋಗ್ಯವಾಗಿ ಇರಬಲ್ಲದೇ? ಉತ್ತರ ಸಿಗುವುದು ಅದರ ಬಾಯಿ ಮತ್ತು ಹೊಟ್ಟೆಯಲ್ಲಿ.

ಮೊದಲು ಹಲ್ಲು. ಗಿನಿಪಿಗ್‌ಗೆ 20 ಹಲ್ಲುಗಳು. ಮುಂದಿನ ಬಾಚಿಹಲ್ಲು, ಹಿಂದಿನ ದವಡೆಹಲ್ಲು, ಎಲ್ಲವೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬೆಳೆದಷ್ಟೂ ಸವೆಯಬೇಕು. ಉದ್ದನೆಯ ಒಣಹುಲ್ಲನ್ನು ಅಡ್ಡಡ್ಡ ಅರೆದು ಅರೆದು ತಿಂದರೆ ಹಿಂದಿನ ಹಲ್ಲುಗಳು ಸವೆಯುತ್ತವೆ. ಪೆಲೆಟ್ ನಾಲ್ಕು ಸಲ ಕಡಿದರೆ ಪುಡಿಯಾಗುತ್ತದೆ, ಆ ಕೆಲಸ ಅದರಿಂದ ಆಗುವುದಿಲ್ಲ. ಹಲ್ಲು ಸವೆಯದಿದ್ದರೆ ಒಳಗೆ ಬಾಗಿ ಬೆಳೆದು ನಾಲಿಗೆಯನ್ನು ಒತ್ತುತ್ತವೆ. ಹಸಿವಿದ್ದರೂ ಪ್ರಾಣಿ ತಿನ್ನಲಾಗದೆ ಸೊರಗುತ್ತದೆ.

ಎರಡನೆಯದು ಕರುಳು. ಗಿನಿಪಿಗ್ ನಾರನ್ನು ಜೀರ್ಣಿಸಿಕೊಳ್ಳುವುದು ದೊಡ್ಡ ಕರುಳಿನ ಆರಂಭದಲ್ಲಿರುವ ಸೀಕಮ್ ಎಂಬ ಚೀಲದಲ್ಲಿ. ಅಲ್ಲಿನ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುತ್ತವೆ. ಅಲ್ಲಿಂದ ಬರುವ ಮೆತ್ತನೆಯ ಹಿಕ್ಕೆಯನ್ನು ಪ್ರಾಣಿ ಮತ್ತೆ ತಿಂದು ಬಿ ಗುಂಪಿನ ಜೀವಸತ್ವ ಮತ್ತು ಪ್ರೋಟೀನ್ ಪಡೆಯುತ್ತದೆ. ಇದು ಸಹಜ ಕ್ರಿಯೆ, ರೋಗವಲ್ಲ. ಕರುಳು ನಡೆಯುತ್ತಿರಬೇಕಾದರೆ ನಾರು ಹಗಲೂ ರಾತ್ರಿ ಹೊಟ್ಟೆಗೆ ಹೋಗುತ್ತಿರಬೇಕು. ಒಂದು ಇಡೀ ದಿನ ಏನೂ ತಿನ್ನದ ಗಿನಿಪಿಗ್‌ನ ಜೀವಕ್ಕೆ ಅಪಾಯವಿದೆ. ಹೀಗಾಗಿ ಒಟ್ಟು ಆಹಾರದ ಮುಕ್ಕಾಲು ಪಾಲಿಗೂ ಹೆಚ್ಚು ಒಣಹುಲ್ಲೇ ಆಗಿರಬೇಕು, ಅದೂ ಎಷ್ಟು ತಿಂದರೂ ಮುಗಿಯದಷ್ಟು.

ಮೂರನೆಯದು ಸಿ ಜೀವಸತ್ವ. ಹಸು, ನಾಯಿ, ಇಲಿ, ಮೊಲ ಇದನ್ನು ತಮ್ಮ ದೇಹದಲ್ಲೇ ತಯಾರಿಸಿಕೊಳ್ಳುತ್ತವೆ. ಗಿನಿಪಿಗ್‌ಗೂ ಮನುಷ್ಯನಿಗೂ ಅದಕ್ಕೆ ಬೇಕಾದ ಕಿಣ್ವವಿಲ್ಲ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಗಿನಿಪಿಗ್‌ಗಳಿಗೆ ಬರೀ ಕಾಳುಕಡಿ ತಿನ್ನಿಸಿದಾಗ, ಹಡಗಿನ ನಾವಿಕರನ್ನು ಕಾಡುತ್ತಿದ್ದ ಸ್ಕರ್ವಿ ರೋಗವೇ ಅವುಗಳಿಗೂ ಬಂತು. ಹಸಿ ಸೊಪ್ಪು ಕೊಟ್ಟರೆ ರೋಗ ತಡೆಯಬಹುದೆಂಬುದೂ ತಿಳಿಯಿತು. ಒಂದು ಕಿಲೋ ತೂಕದ ಆರೋಗ್ಯವಂತ ಗಿನಿಪಿಗ್‌ಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಸಿ ಜೀವಸತ್ವ ಬೇಕು. ಗಬ್ಬದ ಪ್ರಾಣಿಗೆ ಇದಕ್ಕಿಂತ ಹೆಚ್ಚು. ಕೊರತೆಯಾದರೆ ಕೀಲು ಬಾಯುತ್ತವೆ, ಒಸಡಿನಲ್ಲಿ ರಕ್ತ ಬರುತ್ತದೆ, ಕೂದಲು ಒರಟಾಗುತ್ತದೆ, ಮುಟ್ಟಿದರೆ ನೋವಿನಿಂದ ಕೂಗುತ್ತದೆ.

ಈಗ ಪೆಲೆಟ್ ಏನು ಕೊಡುತ್ತದೆ ಎಂಬ ಲೆಕ್ಕ. ಪ್ರೋಟೀನ್, ಖನಿಜ, ಜೀವಸತ್ವಗಳು ಪ್ರತಿ ಗುಳಿಗೆಯಲ್ಲೂ ಒಂದೇ ಪ್ರಮಾಣದಲ್ಲಿ ಇರುತ್ತವೆ. ಬೇಕಾದದ್ದನ್ನು ಆರಿಸಿ ಬೇಡವಾದದ್ದನ್ನು ಬಿಡಲು ಪ್ರಾಣಿಗೆ ಅವಕಾಶವಿಲ್ಲ. ಇದೇ ಪೆಲೆಟ್‌ನ ದೊಡ್ಡ ಗುಣ. ಸೂರ್ಯಕಾಂತಿ ಬೀಜ, ಕಾಳು, ಒಣಹಣ್ಣು ಬೆರೆಸಿದ ಬಣ್ಣಬಣ್ಣದ ಮಿಶ್ರಣಗಳಲ್ಲಿ ಈ ಗುಣವಿಲ್ಲ, ಅವನ್ನು ಕೊಡಲೇಬಾರದು.

ಆದರೆ ಪೆಲೆಟ್‌ನಲ್ಲಿರುವ ಸಿ ಜೀವಸತ್ವ ಉಳಿಯುವುದು ಕಷ್ಟ. ಬಿಸಿಲು, ಗಾಳಿ, ತೇವ, ಮೂರೂ ಅದನ್ನು ಕೆಡಿಸುತ್ತವೆ. ತಯಾರಾದ ಮೂರು ತಿಂಗಳೊಳಗೆ ಪೊಟ್ಟಣ ಮುಗಿಸಬೇಕೆಂಬುದು ಹಳೆಯ ನಿಯಮ. ಸ್ಥಿರಗೊಳಿಸಿದ ರೂಪದ ಜೀವಸತ್ವ ಬೆರೆಸಿದ್ದರೆ ಸ್ವಲ್ಪ ಹೆಚ್ಚು ಕಾಲ ಬಾಳುತ್ತದೆ. ಬೇಸಿಗೆಯಲ್ಲಿ ಕಾದ ಗೋದಾಮು, ಲಾರಿ, ಅಂಗಡಿಗಳನ್ನು ದಾಟಿ ರಾಮದುರ್ಗಕ್ಕೆ ಬಂದ ಪೊಟ್ಟಣದಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಹೇಳಲಾಗದು. ಚೀಲ ಬಿಚ್ಚಿ ತೂಗಿ ಕೊಡುವ ಪೆಲೆಟ್‌ಗೆ ತಯಾರಿಕೆಯ ದಿನಾಂಕವೂ ಇರುವುದಿಲ್ಲ.

ಹೊಚ್ಚಹೊಸ ಪೊಟ್ಟಣ ಎಂದೇ ಇಟ್ಟುಕೊಂಡರೂ ಲೆಕ್ಕ ತುಸು ಬಿಗಿ. ಕಿಲೋಗೆ 500 ಮಿಲಿಗ್ರಾಂ ಎಂದು ಚೀಟಿಯಲ್ಲಿ ಬರೆದಿದ್ದರೆ, ದಿನದ 20 ಗ್ರಾಂ ಪೆಲೆಟ್‌ನಿಂದ ಸಿಗುವುದು 10 ಮಿಲಿಗ್ರಾಂ. ಅದು ಕನಿಷ್ಠ ಅಗತ್ಯ ಮಾತ್ರ. ಅರ್ಧ ಕೆಟ್ಟಿದ್ದರೆ 5 ಮಿಲಿಗ್ರಾಂ. ಹೆಚ್ಚು ಪೆಲೆಟ್ ಹಾಕಿ ಸರಿದೂಗಿಸಲು ಹೋದರೆ ಪ್ರಾಣಿ ಹುಲ್ಲು ಬಿಡುತ್ತದೆ, ಕೊಬ್ಬುತ್ತದೆ. ಅಂದರೆ ಪೆಲೆಟ್ ಕೊಟ್ಟರೂ ಹಸಿ ತಪ್ಪಲು ತಪ್ಪಿಸುವಂತಿಲ್ಲ.

ಗಿನಿಪಿಗ್‌ನ ತವರು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತ ಪ್ರದೇಶ. ಅಲ್ಲಿನ ಜನ ಸಾವಿರಾರು ವರ್ಷಗಳಿಂದ ಇದನ್ನು ಮಾಂಸಕ್ಕಾಗಿ ಸಾಕುತ್ತಿದ್ದಾರೆ. ಪೆರುವಿನ ಹಳ್ಳಿಗಳಲ್ಲಿ ಇಂದಿಗೂ ಲೂಸರ್ನ್ ಸೊಪ್ಪು, ಮೆಕ್ಕೆಜೋಳದ ಎಲೆ, ಅಡುಗೆಮನೆಯ ತಪ್ಪಲು ತಿಂದೇ ಗಿನಿಪಿಗ್ ಬೆಳೆಯುತ್ತದೆ. ಪೆಲೆಟ್ ಬೇಡ ಎನ್ನಲು ಇದನ್ನೇ ಸಾಕ್ಷಿಯಾಗಿ ಮುಂದಿಡುವವರಿದ್ದಾರೆ. ಅರ್ಧ ಮಾತ್ರ ಒಪ್ಪಬಹುದಾದ ಸಾಕ್ಷಿ ಅದು. ಮಾಂಸದ ಗಿನಿಪಿಗ್‌ನ ಆಯುಸ್ಸು ಕೆಲವು ತಿಂಗಳು, ಮನೆಯ ಗಿನಿಪಿಗ್ ಐದರಿಂದ ಎಂಟು ವರ್ಷ ಬದುಕಬೇಕು. ಲೂಸರ್ನ್ ನಿತ್ಯ ತಿಂದರೆ ಕೂಡಿಬರುವ ಸುಣ್ಣದ ಅಂಶ ಮೂತ್ರಕೋಶದಲ್ಲಿ ಕಲ್ಲಾಗುವುದು ಆ ವರ್ಷಗಳಲ್ಲಿ.

ಹಾಗಾದರೆ ಮಲಪ್ರಭೆಯ ದಂಡೆಯ ಈ ಸೀಮೆಯಲ್ಲಿ ಏನು ಸಿಗುತ್ತದೆ? ಪುಸ್ತಕಗಳು ಹೇಳುವ ತಿಮೋತಿ ಹುಲ್ಲು ತಂಪು ದೇಶದ್ದು, ಇಲ್ಲಿನ ಹೊಲದಲ್ಲಿ ಬೆಳೆಯುವುದಿಲ್ಲ. ಆದರೆ ಬದುವಿನ ಕರಿಕೆ ಇದೆ. ಗಣಪತಿ ಪೂಜೆಗೆ ಕೀಳುವ ಇದೇ ಕರಿಕೆ ಗಿನಿಪಿಗ್‌ಗೆ ಒಳ್ಳೆಯ ಮೇವು. ಹೂ ಬಿಡುವ ಹೊತ್ತಿಗೆ ಕೊಯ್ದು, ನೆರಳಿನಲ್ಲಿ ತೆಳುವಾಗಿ ಹರಡಿ, ದಿನಾ ತಿರುವಿ, ಕಡ್ಡಿ ಬಗ್ಗಿಸಿದರೆ ಮುರಿಯುವಷ್ಟು ಒಣಗಿಸಬೇಕು. ಬಣ್ಣ ಹಸಿರಾಗಿಯೇ ಉಳಿದು, ಒಳ್ಳೆಯ ವಾಸನೆ ಬಂದರೆ ಹದ ಸರಿಯಿದೆ. ಬೂಷ್ಟು ಹಿಡಿದ ಹುಲ್ಲು ವಿಷಕ್ಕೆ ಸಮ. ಮೇವಿನ ತಳಿಗಳ ಬಗ್ಗೆ ಮಾಹಿತಿ ಬೇಕಾದವರಿಗೆ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಧಾರವಾಡದಲ್ಲೇ ಇದೆ.

ನೀರಾವರಿ ಹೊಲಗಳಲ್ಲಿ ದನಕ್ಕೆ ಬೆಳೆಯುವ ನೇಪಿಯರ್ ಹುಲ್ಲಿನ ಎಳೆಯ ಎಲೆಗಳನ್ನೂ ಕೊಡಬಹುದು. ಕುದುರೆ ಮಸಾಲೆ ಎಂದೂ ಕರೆಯುವ ಲೂಸರ್ನ್ ಆರು ತಿಂಗಳೊಳಗಿನ ಮರಿಗೆ, ಗಬ್ಬದ ಮತ್ತು ಹಾಲೂಡುವ ತಾಯಿಗೆ ಒಳ್ಳೆಯದು. ಬೆಳೆದ ಗಿನಿಪಿಗ್‌ಗೆ ಅಪರೂಪಕ್ಕೆ ಒಂದೆರಡು ಕಡ್ಡಿ ಸಾಕು.

ಭತ್ತದ ಹುಲ್ಲು ಮತ್ತು ಜೋಳದ ಕಣಿಕಿಯ ವಿಷಯ ಬೇರೆ. ಕಾಳಿಗೆ ಹೋದ ಸತ್ವ ಅವುಗಳಲ್ಲಿ ಉಳಿದಿರುವುದಿಲ್ಲ. ಹಾಸಲು, ಕಡಿಯಲು ಅಡ್ಡಿಯಿಲ್ಲ, ಅದನ್ನೇ ಊಟವೆಂದು ನಂಬಿದರೆ ಪ್ರಾಣಿ ಸೊರಗುತ್ತದೆ. ಎಳೆಯ ಹಸಿ ಜೋಳವನ್ನಂತೂ ಹಾಕಲೇಬಾರದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ ಮೇಯ್ದ ದನ ಸಾಯುವುದನ್ನು ಇಲ್ಲಿನ ರೈತರು ಬಲ್ಲರು. ಅದರಿಂದ ಹೊಟ್ಟೆಯಲ್ಲಿ ಹುಟ್ಟುವ ಸಯನೈಡ್ ಗಿನಿಪಿಗ್ ಅನ್ನೂ ಬಿಡುವುದಿಲ್ಲ.

ಸಿ ಜೀವಸತ್ವಕ್ಕೆ ಕಾಯಿಪಲ್ಲೆ ಸಂತೆಯೇ ಸಾಕು. ದೊಣ್ಣೆ ಮೆಣಸಿನಕಾಯಿ, ಅಂದರೆ ಕ್ಯಾಪ್ಸಿಕಂ, ಇದಕ್ಕೆ ಮೊದಲ ಆಯ್ಕೆ. ಹಸಿರು ಕಾಯಿಯ 25 ಗ್ರಾಂ ತುಂಡಿನಲ್ಲಿ ಸುಮಾರು 20 ಮಿಲಿಗ್ರಾಂ, ಕೆಂಪು ಕಾಯಿಯಲ್ಲಿ ಸುಮಾರು 30 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಅಷ್ಟು ಒಂದೇ ತುಂಡು ಒಂದು ಗಿನಿಪಿಗ್‌ನ ದಿನದ ಅಗತ್ಯವನ್ನು ನೀಗಿಸುತ್ತದೆ. ಜೊತೆಗೆ ಕೊತ್ತಂಬರಿ, ಮೂಲಂಗಿ ತಪ್ಪಲು, ಸವತಿಕಾಯಿ ಬದಲಿಸುತ್ತಾ ಒಟ್ಟು ಒಂದು ಬಟ್ಟಲಿನಷ್ಟು ಕೊಡಬಹುದು. ಪಾಲಕ್, ರಾಜಗಿರಿಯಲ್ಲಿ ಆಕ್ಸಲೇಟ್ ಹೆಚ್ಚಾದ್ದರಿಂದ ಅಪರೂಪಕ್ಕೆ. ಪೇರಲ ಹಣ್ಣಿನಲ್ಲಿ ಸಿ ಜೀವಸತ್ವ ಧಾರಾಳ, ಸಕ್ಕರೆಯೂ ಇದೆ, ವಾರಕ್ಕೆ ಒಂದೆರಡು ಸಲ ಸಣ್ಣ ಹೋಳು ಸಾಕು. ಗಜ್ಜರಿಗೂ ಇದೇ ಮಿತಿ. ಕುಡಿಯುವ ನೀರಿಗೆ ಜೀವಸತ್ವದ ಹನಿ ಹಾಕುವ ರೂಢಿ ಬೇಡ. ಬೆಳಕಿಗೆ ಅದು ಬೇಗ ಕೆಡುತ್ತದೆ, ನೀರಿನ ರುಚಿ ಕೆಟ್ಟು ಪ್ರಾಣಿ ನೀರನ್ನೇ ಕಡಿಮೆ ಕುಡಿಯುತ್ತದೆ.

ಉಳ್ಳಾಗಡ್ಡಿ, ಬೆಳ್ಳುಳ್ಳಿ, ಬಟಾಟೆ, ರೊಟ್ಟಿ, ಅನ್ನ, ಕಾಳು ಗಿನಿಪಿಗ್‌ನ ಆಹಾರವಲ್ಲ. ದನದ ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷಾಂಶವಿದೆ. ಕೋಳಿ ಆಹಾರದಲ್ಲಿ ಕೋಳಿಗೆಂದೇ ಬೆರೆಸಿದ ಔಷಧಗಳಿರಬಹುದು. ಮೊಲಕ್ಕೆ ಸಿ ಜೀವಸತ್ವ ಹೊರಗಿನಿಂದ ಬೇಡವಾದ್ದರಿಂದ ಮೊಲದ ಪೆಲೆಟ್‌ಗೆ ಅದನ್ನು ಸೇರಿಸಿರುವುದಿಲ್ಲ. ಹತ್ತಿ ಹೊಲದ ಬದುವಿನ ಹುಲ್ಲಿಗೆ ಕೀಟನಾಶಕ ತಗುಲಿರುತ್ತದೆ. ಕೊಯ್ದ ಹುಲ್ಲಿನಲ್ಲಿ ಕಾಂಗ್ರೆಸ್ ಕಸ ಸೇರಿದ್ದರೆ ಆರಿಸಿ ತೆಗೆಯಬೇಕು.

ಇಷ್ಟೆಲ್ಲ ಹೊಂದಿಸಿದ ಮೇಲೆ ಪೆಲೆಟ್ ಯಾರಿಗೆ ಬೇಕು? ಬೆಳೆಯುವ ಮರಿಗೆ, ಗಬ್ಬದ ಮತ್ತು ಹಾಲೂಡುವ ತಾಯಿಗೆ, ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವ ಪ್ರಾಣಿಗೆ. ದಿನಾ ತಾಜಾ ಸೊಪ್ಪು, ತರಕಾರಿ ತರುವುದು ಖಾತ್ರಿಯಿಲ್ಲದ ಮನೆಗೆ. ಹಸಿರು ಮೇವು ಸಿಗದ ಬರಗಾಲದ ತಿಂಗಳಿಗೆ. ಬೆಳೆದ ಗಿನಿಪಿಗ್‌ಗೆ ದಿನಕ್ಕೆ ಎರಡು ಚಮಚ, ಅಂದರೆ ಸುಮಾರು 20 ಗ್ರಾಂ ಮೀರಬಾರದು. ಹುಲ್ಲಿನಿಂದ ಮಾಡಿದ, ಗಿನಿಪಿಗ್‌ಗೆಂದೇ ತಯಾರಾದ, ದಿನಾಂಕವಿರುವ ಸಣ್ಣ ಪೊಟ್ಟಣ ಕೊಂಡು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಂಪು ಜಾಗದಲ್ಲಿಡಬೇಕು.

ಪೆಲೆಟ್ ಬಿಡಿಸುವುದಾದರೆ ಒಮ್ಮೆಗೇ ನಿಲ್ಲಿಸಬಾರದು. ಮರಿಯಿದ್ದಾಗ ಕಂಡ ಆಹಾರವನ್ನೇ ಗಿನಿಪಿಗ್ ಆಹಾರವೆಂದು ನಂಬುತ್ತದೆ, ಹೊಸದನ್ನು ಉಪವಾಸವಿದ್ದರೂ ಮುಟ್ಟದಿರಬಹುದು. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಬೇಕು. 50 ಗ್ರಾಂ ಇಳಿದರೆ ಎಚ್ಚರ ವಹಿಸಬೇಕು, 100 ಗ್ರಾಂ ಇಳಿದರೆ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಒಟ್ಟಿನಲ್ಲಿ, ಒಳ್ಳೆಯ ಒಣಹುಲ್ಲು ಸದಾ ಮುಂದಿದ್ದು, ಸಿ ಜೀವಸತ್ವವುಳ್ಳ ಹಸಿ ತರಕಾರಿ ದಿನವೂ ತಪ್ಪದೆ ಸಿಗುವ ಆರೋಗ್ಯವಂತ ವಯಸ್ಕ ಗಿನಿಪಿಗ್‌ಗೆ ಪೆಲೆಟ್ ಅನಿವಾರ್ಯವಲ್ಲ. ಇವೆರಡರಲ್ಲಿ ಒಂದು ತಪ್ಪುವ ಮನೆಯಲ್ಲಿ ದಿನಕ್ಕೆ ಎರಡು ಚಮಚ ಪೆಲೆಟ್ ಇರಲಿ. ಬರೀ ಪೆಲೆಟ್ ಹಾಕಿ ಗಿನಿಪಿಗ್ ಸಾಕುವುದು ಮಾತ್ರ ಎಲ್ಲಿಯೂ, ಯಾವ ಕಾಲಕ್ಕೂ ಸರಿಯಲ್ಲ.