ಪತ್ರಿಕೆಗೆ ಕಾಣದ ಸುದ್ದಿ



'ಕಾಲ ಕೆಟ್ಟುಹೋಯಿತು' ಎಂದರೆ ನಮ್ಮಲ್ಲಿ ಯಾರೂ ಜಗಳಕ್ಕೆ ಬರುವುದಿಲ್ಲ. ಬೆಳಗಿನ ಪತ್ರಿಕೆಯೇ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯನ್ನು ಎಷ್ಟು ನಂಬಬೇಕು? 1974ರ ಮೇ ತಿಂಗಳನ್ನು ಒಮ್ಮೆ ನೋಡಿ ಬರೋಣ.

ಮೇ 8ರಂದು ರೈಲ್ವೆ ಮುಷ್ಕರ ಶುರುವಾಯಿತು. ಅದರ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. 18ರಂದು ಪೋಖ್ರಾನ್‌ನಲ್ಲಿ ಅಣು ಪರೀಕ್ಷೆ ನಡೆಯಿತು. ಬೆಲೆಗಳು ಏರುತ್ತಲೇ ಇದ್ದವು. ಇದರ ನಡುವೆ ಬಿಹಾರದ ಊರೂರಿನಲ್ಲಿ ಸಿಡುಬು. ಆ ವರ್ಷ ದೇಶದಲ್ಲಿ ಸುಮಾರು 1,88,000 ಮಂದಿಗೆ ಸಿಡುಬು ತಗುಲಿತು. 31,000ಕ್ಕೂ ಹೆಚ್ಚು ಮಂದಿ ಸತ್ತರು. ಪತ್ರಿಕೆ ಮಡಿಸಿಟ್ಟು 'ಈ ದೇಶ ಉದ್ಧಾರವಾಗದು' ಎಂದು ನಿಟ್ಟುಸಿರಿಟ್ಟವರನ್ನು ದೂರುವುದು ಹೇಗೆ?

ಆದರೆ ಆ ಲೆಕ್ಕ ಅಷ್ಟು ಬೆಳೆದದ್ದಕ್ಕೆ ಒಂದು ಕಾರಣ, ಹುಡುಕಾಟ ಚುರುಕಾಗಿದ್ದದ್ದು. 1973ರ ಕೊನೆಯ ತಿಂಗಳುಗಳಿಂದ ಆರೋಗ್ಯ ಕಾರ್ಯಕರ್ತರು ಸಿಡುಬೆದ್ದ ಮಗುವಿನ ಚಿತ್ರ ಹಿಡಿದು ಮನೆಮನೆಗೆ, ಶಾಲೆಗೆ, ಸಂತೆಗೆ ಹೋಗಿ, 'ಇಂಥ ಕಾಯಿಲೆಯವರು ಇದ್ದಾರೆಯೇ?' ಎಂದು ಕೇಳುತ್ತಿದ್ದರು. ಸುಳಿವು ಕೊಟ್ಟವರಿಗೆ ಬಹುಮಾನವಿತ್ತು. ರೋಗಿ ಸಿಕ್ಕ ಮನೆಗೆ ಕಾವಲು, ಸುತ್ತಲಿನವರಿಗೆಲ್ಲ ಲಸಿಕೆ. ಅಲ್ಲಿಯವರೆಗೆ ಮುಚ್ಚಿಹೋಗಿದ್ದ ರೋಗ ಲೆಕ್ಕಕ್ಕೆ ಬಂತು. ನೋಡುವವರಿಗೆ ಅದು ಹೆಚ್ಚಿದಂತೆಯೇ ಕಂಡಿತು.

1975ರ ಮೇ ತಿಂಗಳಲ್ಲಿ ಅಸ್ಸಾಮಿನ ಕರೀಂಗಂಜ್‌ನಲ್ಲಿ ಒಬ್ಬ ಹೆಂಗಸಿಗೆ ಸಿಡುಬು ಕಾಣಿಸಿಕೊಂಡಿತು. ಭಾರತದಲ್ಲಿ ಅದೇ ಕೊನೆ. 1980ರ ಮೇ 8ರಂದು, ಆ ಮುಷ್ಕರ ಶುರುವಾಗಿ ಸರಿಯಾಗಿ ಆರು ವರ್ಷಕ್ಕೆ, ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಭೆ ಸಾರಿತು.

ಹಾಗಾದರೆ ಎಲ್ಲ ತಾನಾಗಿ ಸರಿಹೋಗುತ್ತದೆಯೇ? ಇಲ್ಲ. ಕರೀಂಗಂಜ್‌ನ ಘಟನೆಯಾಗಿ ತಿಂಗಳು ಕಳೆಯುತ್ತಲೇ ತುರ್ತು ಪರಿಸ್ಥಿತಿ ಬಂತು. ಒಂದು ಕಡೆ ಬೆಳಕು, ಇನ್ನೊಂದು ಕಡೆ ಕತ್ತಲೆ; ಕಾಲ ಎಂದೂ ಒಂದೇ ಬಣ್ಣದ್ದಲ್ಲ. ಸಿಡುಬೂ ತಾನಾಗಿ ಹೋಗಲಿಲ್ಲ, ಬಾಗಿಲು ಬಾಗಿಲು ತಟ್ಟಿದವರು ಅದನ್ನು ಓಡಿಸಿದರು. ಆದ್ದರಿಂದ ಕೆಟ್ಟ ಸುದ್ದಿ ಓದಿದಾಗ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಹೊಸದಾಗಿ ಹುಟ್ಟಿದ್ದೋ, ಹೊಸದಾಗಿ ಕಂಡದ್ದೋ? ಇದನ್ನು ಓಡಿಸಲು ಬಾಗಿಲು ತಟ್ಟುತ್ತಿರುವವರು ಯಾರು?

ನಮ್ಮ ಬಾಲ್ಯದ ಸಂತೆಗಳಲ್ಲಿ ಸಿಡುಬಿನ ಕಲೆಯ ಮುಖಗಳು ಎಷ್ಟೋ ಇದ್ದವು. ಈಗಿನ ಮಕ್ಕಳಲ್ಲಿ ಅಂಥ ಒಂದು ಮುಖವೂ ಕಾಣದು. ಬಾರದೆ ಹೋದ ಕಾಯಿಲೆಯ ಸುದ್ದಿಯನ್ನು ಯಾವ ಪತ್ರಿಕೆ ಬರೆದೀತು? ಅದನ್ನು ನೆನಪಿಡುವ ಕೆಲಸ ನಮ್ಮಂಥ ಹಿರಿಯರದು.